ನಮ್ಮ ರೂಮಿನ ಗಪ್ಪಿ ಸಂಸಾರ

(ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಹೆಚ್ಚೇನೂ ಬದಲಿಸಿಲ್ಲ.)



ಕಾರ್ಯದರ್ಶಿಗಳು ಫೋನ್ ಮಾಡಿ "ಮುಂದಿನ ಕೂಟದಲ್ಲಿ ನೀವು ಅರ್ಧ ಗಂಟೆ ಮಾತಾಡಬೇಕು" ಅಂದಾಗ, ತಪ್ಪಿ ನನಗೆ ಮಾಡಿದಾರೆ ಅಂದ್ಕೊಂಡೆ. ಹೋದ ತಿಂಗಳು ಇದೇ ಜಾಗದಲ್ಲಿ ನಿಂತು ಡಾಕ್ಟ್ರೊಬ್ಬರು ಸಕ್ಕರೆ ಕಾಯಿಲೆ ಬಗ್ಗೆ ಹೇಳಿದ್ದರು. ಅದರ ಹಿಂದಿನ ತಿಂಗಳು ಊರಿಗೆ ದುಡ್ಡು ಕಳಿಸುವ ಲೆಕ್ಕಾಚಾರ. ನಾನು ಏಸಿ ಮೆಕ್ಯಾನಿಕ್. ಬೇಕಾದರೆ ಕಂಪ್ರೆಸರ್ ಬಗ್ಗೆ ಮಾತಾಡಬಲ್ಲೆ. "ಅದಲ್ಲ, ನಿಮ್ಮ ರೂಮಲ್ಲಿ ಮೀನು ಮರಿ ಹಾಕ್ತಾವಂತಲ್ಲ, ಅದನ್ನ ಹೇಳಿ" ಅಂದರು. ಸುದ್ದಿ ಎಷ್ಟು ದೂರ ಹೋಗಿದೆ ನೋಡಿ.

ಮೊದಲೇ ಒಂದು ಮಾತು. ಗಪ್ಪಿ ಮರಿ ಹಾಕೋದು ದೊಡ್ಡ ವಿಷಯವೇ ಅಲ್ಲ. ಅದು ಮೊಟ್ಟೆ ಇಡುವ ಮೀನಲ್ಲ, ಹೊಟ್ಟೆಯಲ್ಲೇ ಮರಿ ಮಾಡಿ ಹಾಕುವ ಜಾತಿ. ಗಂಡು ಹೆಣ್ಣು ಒಂದು ಬಕೆಟಲ್ಲಿದ್ದರೂ ಮೂರ್ನಾಲ್ಕು ವಾರಕ್ಕೆ ಮರಿ. ಕಷ್ಟ ಇರೋದು ಆ ಮರಿ ಮಾರನೇ ದಿನ ಬೆಳಗ್ಗೆ ಉಳಿದಿರೋದರಲ್ಲಿ. ಅದೂ ಬೇರೆ ಮೀನುಗಳಿರುವ ತೊಟ್ಟಿಯಲ್ಲಿ, ಆರು ಜನ ಗಂಡಸರಿರುವ ರೂಮಿನಲ್ಲಿ. ನಾನು ಹೇಳಬಲ್ಲೆನಾದರೆ ಅಷ್ಟು ಹೇಳಬಲ್ಲೆ.

ಗಪ್ಪಿಗೂ ನನಗೂ ಹಳೇ ಪರಿಚಯ. ನಮ್ಮೂರು ಕೋಲಾರ ಜಿಲ್ಲೆಯ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಮಲೇರಿಯಾ ಕಾಟ ಅಂತ ಆರೋಗ್ಯ ಇಲಾಖೆಯವರು ಬಂದು, ಡಬ್ಬಿಯಲ್ಲಿ ತಂದಿದ್ದ ಸಣ್ಣ ಮೀನುಗಳನ್ನ ನಮ್ಮ ಬಾವಿಗೆ ಬಿಟ್ಟು ಹೋದರು. ಸೊಳ್ಳೆ ಮರಿ ತಿನ್ನುವ ಮೀನು ಅಂತ. ನಾವು ಹುಡುಗರು ಬಾವಿ ಕಟ್ಟೆ ಮೇಲೆ ಹೊಟ್ಟೆ ಮೇಲಾಗಿ ಬಿದ್ದುಕೊಂಡು ನೋಡ್ತಿದ್ವಿ. ಅದಕ್ಕೆ ಗಪ್ಪಿ ಅಂತಾರೆ ಅಂತ ಗೊತ್ತಾಗಿದ್ದು ಶಾರ್ಜಾಕ್ಕೆ ಬಂದ ಮೇಲೆ. ಹೆಸರು ಬಂದಿದ್ದು ಒಬ್ಬ ಮನುಷ್ಯನಿಂದ. ರಾಬರ್ಟ್ ಜಾನ್ ಲೆಕ್ಮಿಯರ್ ಗಪ್ಪಿ ಅಂತ, ಟ್ರಿನಿಡಾಡ್ ದ್ವೀಪದಲ್ಲಿದ್ದ. ಅವನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳಿಸಿದ ಮೀನಿಗೆ 1866ರಲ್ಲಿ ಅವನ ಹೆಸರಿಟ್ಟರು. ಆಮೇಲೆ ನೋಡಿದರೆ 1859ರಲ್ಲೇ ಜರ್ಮನಿಯವನೊಬ್ಬ ಅದೇ ಮೀನಿಗೆ ಬೇರೆ ಹೆಸರಿಟ್ಟಾಗಿತ್ತು. ಪುಸ್ತಕದಲ್ಲಿ ಗಪ್ಪಿ ಹೆಸರು ಹೋಯ್ತು, ಜನರ ಬಾಯಲ್ಲಿ ಉಳೀತು. ದಕ್ಷಿಣ ಅಮೆರಿಕದ ಮೀನು ನಮ್ಮೂರ ಬಾವಿಗೆ ಬಂತು, ನಾನು ಕೋಲಾರದಿಂದ ಇಲ್ಲಿಗೆ ಬಂದೆ.

ಈಗ ತೊಟ್ಟಿ ವಿಷಯ. ತೊಟ್ಟಿ ನನ್ನದಲ್ಲ. ನಮ್ಮ ರೂಮಿನಲ್ಲಿ ರಾಯಚೂರು ಕಡೆಯ ಹಿರಿಯರೊಬ್ಬರಿದ್ದರು, ಎಲ್ಲರೂ ದೊಡ್ಡಣ್ಣ ಅಂತ ಕರೀತಿದ್ವಿ. ಮೂರು ಅಡಿ ಉದ್ದದ, ಸುಮಾರು ನೂರು ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಅವರದು. ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋಗಿದ್ದನ್ನ ತಂದು, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಇಟ್ಟಿದ್ದರು. ಬೆಡ್ ಸ್ಪೇಸ್ ರೂಮಲ್ಲಿ ಮೂರು ಅಡಿ ಜಾಗ ಅಂದರೆ ಏನು ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ದೊಡ್ಡಣ್ಣನ ಮುಖ ನೋಡಿ ಯಾರೂ ತಕರಾರು ಮಾಡಿರಲಿಲ್ಲ. ಕುಂದಾಪುರದವರೊಬ್ಬರು ಮಾತ್ರ, ಕೆಫೆಟೇರಿಯಾದಲ್ಲಿ ಅಡುಗೆ ಮಾಡ್ತಾರೆ, ಇವತ್ತು ಇಲ್ಲೇ ಹಿಂದಿನ ಸಾಲಲ್ಲಿ ಕೂತಿದಾರೆ, ದಿನಕ್ಕೊಂದು ಸಲ "ಎಂತಕೆ ಮಾರಾಯ ಇದ್? ಸಾರಿಗೂ ಆತಿಲ್ಲೆ" ಅಂತಿದ್ದರು.

ಎರಡು ವರ್ಷದ ಹಿಂದೆ ದೊಡ್ಡಣ್ಣನ ಕಂಪನಿ ಮುಚ್ಚಿತು. ಐವತ್ತೆಂಟು ವಯಸ್ಸು, ಇನ್ನೊಂದು ಕಡೆ ವೀಸಾ ಯಾರು ಕೊಡ್ತಾರೆ? ಇಪ್ಪತ್ನಾಲ್ಕು ವರ್ಷದ ಸಾಮಾನು ಮೂರು ಪೆಟ್ಟಿಗೆಯಲ್ಲಿ ಕಟ್ಟಿದರು. ಹೊರಡುವ ದಿನ, ಮೇ ತಿಂಗಳು, ತೊಟ್ಟಿ ಹತ್ತಿರ ನನ್ನನ್ನ ಕರೆದು, "ತಮ್ಮಾ, ಇವನ್ನ ನೋಡ್ಕೊಂಡು ಹೋಗಪಾ. ನೀರು ಬದ್ಲಿ ಮಾಡೋದು ಮರೀಬ್ಯಾಡ" ಅಂದರು. ಹದಿನಾಲ್ಕು ಗಪ್ಪಿ, ಗಾಜಿಗೆ ಅಂಟಿಕೊಂಡಿರುವ ಒಂದು ಸಕ್ಕರ್ ಮೀನು. ಒಂದು ದಪ್ಪ ಹೆಣ್ಣು ಗಪ್ಪಿ ಬಾಲದ ಬುಡದಲ್ಲಿ ಕಪ್ಪು ಚುಕ್ಕಿ ಇಟ್ಟುಕೊಂಡಿತ್ತು, ಅದರ ಮೇಲೆ ಅವರಿಗೆ ಮಮತೆ ಜಾಸ್ತಿ. ನಾನು "ಆಯ್ತು ಅಣ್ಣಾ, ಚಿಂತೆ ಬಿಡಿ" ಅಂದೆ.

ಎರಡೇ ವಾರದಲ್ಲಿ ಒಂಬತ್ತು ಮೀನು ಸತ್ತವು.

ದಿನಾ ಬೆಳಗ್ಗೆ ಒಂದೆರಡು ತೇಲ್ತಿದ್ದವು. ನೀರು ಹಾಲು ಬೆರೆಸಿದ ಹಾಗೆ ಮಬ್ಬು. ಉಳಿದವು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೀತಿದ್ದವು. ನಾನು ಪಂಪು ಕೆಟ್ಟಿದೆ ಅಂತ ಬಿಚ್ಚಿ ನೋಡಿದೆ, ಮೆಕ್ಯಾನಿಕ್ ಬುದ್ಧಿ. ಪಂಪು ಚೆನ್ನಾಗೇ ಇತ್ತು. ಒಂದು ರಜೆ ದಿನ ಇಡೀ ದಿನ ರೂಮಲ್ಲೇ ಇದ್ದಾಗ ಗುಟ್ಟು ಗೊತ್ತಾಯ್ತು. ಬೆಳಗಿನ ಜಾವ ಐದಕ್ಕೆ ಬೀದರ್ ಹುಡುಗ ಸೆಕ್ಯೂರಿಟಿ ಡ್ಯೂಟಿ ಮುಗಿಸಿ ಬಂದ, ಚಪ್ಪಲಿ ಬಿಡೋದಕ್ಕೂ ಮುಂಚೆ ಒಂದು ಚಿಟಿಕೆ ಆಹಾರ ಹಾಕಿದ. ಆರೂವರೆಗೆ ದಾವಣಗೆರೆಯವರು, ಆಫೀಸಿಗೆ ಹೊರಡುವ ಮುಂಚೆ ಒಂದು ಚಿಟಿಕೆ. ಡ್ರೈವರ್ ಚೇಟ ಮಧ್ಯಾಹ್ನ ಊಟಕ್ಕೆ ಬಂದವರು ಕುಬ್ಬೂಸ್ ಚೂರು ಮಾಡಿ ಉದುರಿಸಿದರು. ದೊಡ್ಡಣ್ಣನ ಮಂಚಕ್ಕೆ ಹೊಸದಾಗಿ ಬಂದ ಹಾವೇರಿ ಹುಡುಗ ಸಂಜೆ ಹಾಕಿದ. ರಾತ್ರಿ ಹನ್ನೊಂದಕ್ಕೆ, ಸಾರಿಗೂ ಆಗೋದಿಲ್ಲ ಅಂತಿದ್ದ ನಮ್ಮ ಕುಂದಾಪುರದವರು, ಯಾರೂ ನೋಡ್ತಿಲ್ಲ ಅಂದ್ಕೊಂಡು, ಜೇಬಿಂದ ಬ್ರೆಡ್ ತೆಗೆದರು. ನಾನಂತೂ ದಿನಕ್ಕೆರಡು ಸಲ ಹಾಕ್ತಾನೇ ಇದ್ದೆ. ಒಟ್ಟು ಏಳು ಊಟ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೊದಲು ದೊಡ್ಡಣ್ಣ ಆಹಾರದ ಡಬ್ಬಿಯನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತಿದ್ದರು. ನಾವು ಅದನ್ನ ಜಿಪುಣತನ ಅಂದ್ಕೊಂಡಿದ್ವಿ!

ಯಾಕೆ ಎಲ್ಲರೂ ಹಾಕ್ತಿದ್ದರು ಅಂದರೆ, ನೀವು ಬಾಗಿಲು ತೆಗೆದು ಒಳಗೆ ಬಂದ ತಕ್ಷಣ ಗಪ್ಪಿಗಳೆಲ್ಲ ಗಾಜಿನ ಹತ್ತಿರ ಓಡಿ ಬರ್ತವೆ. ಹನ್ನೆರಡು ಗಂಟೆ ಕೆಲಸ ಮಾಡಿ ಬಂದವನ ಹತ್ತಿರ ಓಡಿ ಬರುವವರು ಇಲ್ಲಿ ಬೇರೆ ಯಾರಿದಾರೆ ಹೇಳಿ. ಹಾಗೆ ಬಂದಾಗ ಬರಿಗೈ ತೋರಿಸೋಕೆ ಆಗಲ್ಲ.

ಆದರೆ ಮೀನಿನ ಹೊಟ್ಟೆ ಅದರ ಕಣ್ಣಿನಷ್ಟು ಅಂತ ಸಾಕುವವರು ಹೇಳ್ತಾರೆ. ಉಳಿದದ್ದು ತಳಕ್ಕೆ ಹೋಗಿ ಕೊಳೆಯುತ್ತೆ. ಕೊಳೆತ ಆಹಾರ, ಮೀನಿನ ಹೊಲಸು ಎರಡರಿಂದಲೂ ಅಮೋನಿಯಾ ಬರುತ್ತೆ. ಅಮೋನಿಯಾ ಅಂದರೆ ನಮ್ಮಂಥ ಏಸಿಯವರಿಗೆ ಗೊತ್ತು, ದೊಡ್ಡ ಕೋಲ್ಡ್ ಸ್ಟೋರೇಜಲ್ಲಿ ಸೋರಿದರೆ ನಾವೇ ಓಡಬೇಕು. ಮೀನು ಎಲ್ಲಿಗೆ ಓಡುತ್ತೆ? ತೊಟ್ಟಿಯಲ್ಲಿ ಅದನ್ನ ತಿಂದು ಕಡಿಮೆ ಮಾಡೋಕೆ ಒಂದು ಜಾತಿ ಬ್ಯಾಕ್ಟೀರಿಯಾ ಇರ್ತವೆ, ಹೆಚ್ಚಾಗಿ ಫಿಲ್ಟರಿನ ಸ್ಪಾಂಜಲ್ಲಿ. ಅಮೋನಿಯಾವನ್ನ ನೈಟ್ರೈಟ್ ಮಾಡ್ತವೆ, ಅದೂ ವಿಷವೇ. ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡುತ್ತೆ, ಇದು ಅಷ್ಟು ಕೆಟ್ಟದ್ದಲ್ಲ, ವಾರವಾರ ನೀರು ಬದಲಿಸಿದರೆ ಹೋಗುತ್ತೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ದೊಡ್ಡಣ್ಣನ ತೊಟ್ಟಿಯಲ್ಲಿ ಇದ್ದವು. ನಾನು ಏನು ಮಾಡಿದೆ? ಮೀನು ಸಾಯ್ತಿವೆ, ಕೊಳೆ ಇರಬೇಕು ಅಂತ ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ಹಿಂಡಿ ಹಿಂಡಿ ತೊಳೆದೆ. ನಲ್ಲಿ ನೀರಿನ ಕ್ಲೋರಿನ್ ಅಷ್ಟೂ ಬ್ಯಾಕ್ಟೀರಿಯಾವನ್ನ ಮುಗಿಸಿತು. ಸ್ಪಾಂಜ್ ತೊಳೆಯೋದಾದರೆ ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಒಂದೆರಡು ಸಲ ಅದ್ದಿ ಹಿಂಡಬೇಕು, ಅಷ್ಟೇ. ಇದೊಂದು ಯಾರಾದರೂ ಮೊದಲೇ ಹೇಳಿದ್ದರೆ!

ಇನ್ನು ಉಳಿದ ಐದರಲ್ಲಿ ನಾಲ್ಕನ್ನ ನಾನೇ ಕೊಂದೆ. ಜುಲೈ ತಿಂಗಳು. ಇಲ್ಲಿಯ ಜುಲೈಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಏನು ಬರುತ್ತೆ ಅಂತ ನಿಮಗೆ ಗೊತ್ತು. ಮಾಳಿಗೆ ಮೇಲಿನ ಟ್ಯಾಂಕ್ ಬಿಸಿಲಿಗೆ ಕಾದು, ಕೈಯಿಟ್ಟರೆ ಸುಡುವ ನೀರು. ತೊಟ್ಟಿ ನೀರು ಬದಲಿಸಲೇಬೇಕು, ತಣ್ಣೀರು ಎಲ್ಲಿಂದ ತರೋದು? ನೋಡ್ತೀನಿ, ಏಸಿ ಡ್ರೈನ್ ಪೈಪಿಂದ ಬಕೆಟಿಗೆ ತಣ್ಣಗೆ, ಕನ್ನಡಿಯಂಥ ನೀರು ಬೀಳ್ತಿದೆ. ಮಳೆ ನೀರಿನಷ್ಟು ಶುದ್ಧ ಅಂತ ನನ್ನ ಲೆಕ್ಕ. ಒಂದು ಬಕೆಟ್ ತುಂಬ ಸುರಿದೆ. ಆ ನೀರಲ್ಲಿ ಲವಣಾಂಶವೇ ಇರಲ್ಲ, ಗಪ್ಪಿಗೆ ಸ್ವಲ್ಪ ಗಡಸು ನೀರೇ ಬೇಕು. ಸಾಲದ್ದಕ್ಕೆ ಅದು ತಾಮ್ರದ ಕಾಯಿಲು, ಅದರ ಮೇಲಿನ ಧೂಳು ಎಲ್ಲ ತೊಳೆದುಕೊಂಡು ಬಂದ ನೀರು. ಹದಿನೈದು ವರ್ಷದಿಂದ ಅದೇ ಕಾಯಿಲ್ ತೊಳೆಯೋ ಕೆಲಸ ನನ್ನದು, ಆ ಬ್ರಷ್ಷಿನಲ್ಲಿ ಏನು ಬರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಸುರಿದೆ.

ದಾರಿ ತೋರಿಸಿದವರು ಚೇಟ. ಬೇಸಿಗೆಯಲ್ಲಿ ಬಾತ್‌ರೂಮಿನ ಗೀಸರ್ ಆಫ್ ಮಾಡಿಟ್ಟರೆ ಅದರೊಳಗಿನ ನೀರು ಏಸಿಯ ತಂಪಿಗೆ ರೂಮಿನ ಹದಕ್ಕೆ ಬರುತ್ತೆ. ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು! ಎಲ್ಲರೂ ಮಾಡ್ತೀವಿ, ಮೀನಿಗೆ ಮಾತ್ರ ಹೊಳೆದಿರಲಿಲ್ಲ. ಆ ನೀರನ್ನ ಹಿಂದಿನ ರಾತ್ರಿ ಬಕೆಟಲ್ಲಿ ಹಿಡಿದು, ಏರ್ ಪಂಪಿನ ಒಂದು ಕೊಳವೆ ಬಿಟ್ಟು ಗುಳುಗುಳು ಮಾಡಿಸಿ, ಕ್ಲೋರಿನ್ ತೆಗೆಯುವ ಹನಿ ನಾಲ್ಕು ಹಾಕಿ, ಮಾರನೇ ದಿನ ಕಾಲು ಭಾಗ ಮಾತ್ರ ಬದಲಿಸೋದು. ಅಂದಿನಿಂದ ಇಂದಿನವರೆಗೂ ಅದೇ ಪದ್ಧತಿ.

ಉಳಿದಿದ್ದು ಒಂದೇ ಗಪ್ಪಿ. ಚುಕ್ಕಿ ಇದ್ದ ಹೆಣ್ಣು.

ದೊಡ್ಡಣ್ಣ ವಾರಕ್ಕೊಮ್ಮೆ ಫೋನ್ ಮಾಡ್ತಿದ್ದರು. ಊರಲ್ಲಿ ಅವರಿಗೆ ಹೊಂದಿಕೊಳ್ಳೋದು ಕಷ್ಟ ಆಗಿತ್ತು ಅಂತ ಮಾತಲ್ಲೇ ಗೊತ್ತಾಗ್ತಿತ್ತು. ಮಕ್ಕಳೆಲ್ಲ ದೊಡ್ಡವರಾಗಿ ತಮ್ಮ ತಮ್ಮ ಪಾಡಿಗೆ ಇದ್ದರು. ಎಲ್ಲ ಕೇಳಿದ ಮೇಲೆ ಕೊನೆಗೆ, "ಮೀನ ಹ್ಯಾಂಗದಾವು ತಮ್ಮಾ?" ನಾನು "ಚೆನ್ನಾಗಿವೆ ಅಣ್ಣಾ" ಅಂತಿದ್ದೆ. ವಿಡಿಯೋ ಕಾಲ್ ಅಂದರೆ ನೆಟ್ ಸರಿಯಿಲ್ಲ ಅಂತಿದ್ದೆ. ಹನ್ನೊಂದು ವಾರ ಹಾಗೇ ಹೇಳಿದೆ. ರೂಮಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಆಗ ರೂಮಲ್ಲಿ ಒಂದು ಮೀಟಿಂಗ್ ಆಯ್ತು. ತೊಟ್ಟಿ ತೆಗೆಯೋದಾ ಇಡೋದಾ ಅಂತ. ಬೀದರ್ ಹುಡುಗ ಹಗಲು ಮಲಗುವವನು, "ಅಣ್ಣಾ, ಪಂಪಿನ ಸಪ್ಪಳಕ್ಕ ನಂಗ ನಿದ್ದಿನೇ ಬರಾಂಗಿಲ್ರಿ" ಅಂದ. ದಾವಣಗೆರೆಯವರು ಆ ಜಾಗದಲ್ಲಿ ಶೂ ಸ್ಟ್ಯಾಂಡ್ ಇಡಬಹುದು ಅಂದರು. ಒಂದು ಮೀನಿಗೆ ಇಷ್ಟು ದೊಡ್ಡ ತೊಟ್ಟಿ ಯಾಕೆ ಅನ್ನೋ ಮಾತು ನ್ಯಾಯವೇ ಆಗಿತ್ತು. ಆಗ ಕುಂದಾಪುರದವರು ಎದ್ದು, "ಒಂದ್ ತಿಂಗ್ಳ್ ಕಾಣುವ" ಅಂದರು. ಅವರ ಬಾಯಿಂದ ಆ ಮಾತು ಬಂದಿದ್ದಕ್ಕೆ ಬೇರೆಯವರು ಸುಮ್ಮನಾದರು. ಪಂಪನ್ನ ನೆಲದಿಂದ ಎತ್ತಿ, ಗೋಡೆ ಮೊಳೆಗೆ ಹುರಿ ಕಟ್ಟಿ, ನೀರಿನ ಮಟ್ಟಕ್ಕಿಂತ ಮೇಲೆ ತೂಗುಬಿಟ್ಟೆ. ಅಲುಗಾಟ ಗೋಡೆಗೆ ಹತ್ತದೆ ಸದ್ದು ಅರ್ಧಕ್ಕರ್ಧ ಇಳೀತು. ಕರೆಂಟು ಹೋದರೆ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ನುಗ್ಗೋದೂ ತಪ್ಪಿತು. ಊಟದ ವಿಷಯಕ್ಕೆ, ಅಡುಗೆ ಪಾಳಿ ಬರೆದ ಕಾಗದದಲ್ಲೇ ಇನ್ನೊಂದು ಗೆರೆ ಎಳೆದ್ವಿ. ಯಾರ ಅಡುಗೆ ಪಾಳಿಯೋ ಅವರೇ ಆವತ್ತು ಮೀನಿಗೆ ಹಾಕೋದು. ಎರಡು ಹೊತ್ತು, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು. ಏಳನೇ ದಿನ ಉಪವಾಸ, ಒಂದು ದಿನ ತಿನ್ನದಿದ್ದರೆ ದೊಡ್ಡ ಮೀನಿಗೆ ಏನೂ ಆಗಲ್ಲ. ಬೇರೆಯವರಿಗೆ ಆಸೆಯಾದರೆ ಗಾಜಿನ ಮೇಲೆ ಬೆರಳಿಟ್ಟು ಆಡಿಸಬಹುದು.

ಅಷ್ಟರಲ್ಲಿ ಕುಂದಾಪುರದವರು ಯಾರಿಗೂ ಹೇಳದೆ ಶಾರ್ಜಾದ ಹಕ್ಕಿ ಮಾರ್ಕೆಟ್ಟಿಗೆ ಹೋಗಿ ಎರಡು ಏಂಜೆಲ್ ಮೀನು ತಂದುಬಿಟ್ಟರು. ಒಂದು ದಿರ್ಹಮ್ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು. "ಪಾಪ, ಅದ್ ಒಂದೇ ಇತ್ತಲ್ಲ" ಅಂದರು. ನನಗೆ ಖುಷಿಯೇ ಆಯ್ತು. ಏಂಜೆಲ್ ಎಷ್ಟು ಬೇಗ ಬೆಳೆಯುತ್ತೆ, ಬಾಯಿಗೆ ಹಿಡಿಯೋದನ್ನೆಲ್ಲ ನುಂಗುತ್ತೆ ಅನ್ನೋದು ಆಗ ಗೊತ್ತಿರಲಿಲ್ಲ.

ಆಗಸ್ಟ್ ಕೊನೆ. ಬೆಳಗಿನ ಜಾವ ಐದು ಗಂಟೆಗೆ ಬೀದರ್ ಹುಡುಗ ಎಲ್ಲರನ್ನೂ ಎಬ್ಬಿಸಿದ. ಬೆಂಕಿ ಬಿತ್ತೋ ಏನೋ ಅಂತ ಎದ್ದು ಕೂತ್ವಿ. "ಮರಿ! ಮರಿ ಹಾಕೈತಿ!" ಮೊಬೈಲ್ ಟಾರ್ಚ್ ಹಿಡಿದಿದ್ದ. ನೀರಿನ ಮೇಲ್ಗಡೆ, ಮೂಲೆಯಲ್ಲಿ, ಎರಡು ಕಣ್ಣು ಒಂದು ಬಾಲ ಅಷ್ಟೇ ಇರುವ, ಸಾಸಿವೆಗಿಂತ ಸ್ವಲ್ಪ ಉದ್ದದ ಮರಿಗಳು. ದಾವಣಗೆರೆಯವರು ಇಪ್ಪತ್ತಮೂರು ಅಂತ ಎಣಿಸಿದರು, ಅವರು ಅಕೌಂಟೆಂಟ್, ತಪ್ಪಾಗಿರಲ್ಲ.

ಗಂಡು ಒಂದೂ ಇಲ್ಲದೆ ಎರಡು ತಿಂಗಳಾಗಿದೆ. ಮರಿ ಹೇಗೆ? ಹಾವೇರಿ ಹುಡುಗ ಪವಾಡ ಅಂದ. ಪವಾಡ ಅಲ್ಲ. ಹೆಣ್ಣು ಗಪ್ಪಿ ಒಂದು ಸಲ ಕೂಡಿದ ಮೇಲೆ ಗಂಡಿನ ವೀರ್ಯವನ್ನ ಮೈಯೊಳಗೇ ತಿಂಗಳುಗಟ್ಟಲೆ ಕಾಪಾಡಿ ಇಟ್ಟುಕೊಂಡಿರುತ್ತೆ. ಗಂಡು ಸತ್ತರೂ ಒಂದರ ಹಿಂದೆ ಒಂದು ಸೂಲು ಮರಿ ಹಾಕ್ತಾ ಹೋಗುತ್ತೆ. ಜುಲೈಯಲ್ಲೂ ಹಾಕಿರಬಹುದು, ನಾವು ನೋಡೋ ಮುಂಚೆ ತಾನೇ ತಿಂದಿರಬಹುದು. ಗಪ್ಪಿಗೆ ತನ್ನ ಮರಿ ಅನ್ನೋ ಮಮಕಾರ ಇಲ್ಲ, ಎದುರಿಗೆ ಸಣ್ಣದು ಆಡಿದರೆ ಆಹಾರ.

ನಾವು ಆರು ಜನ ಬನಿಯನ್‌ನಲ್ಲಿ ನಿಂತು ಇದನ್ನ ಚರ್ಚೆ ಮಾಡ್ತಾ ಇರುವಾಗ ಏಂಜೆಲ್‌ಗಳು ಚರ್ಚೆ ಮಾಡ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಮುಕ್ಕಾಲು ಪಾಲು ಖಾಲಿ. ಚೇಟ ಅಡುಗೆಮನೆಯಿಂದ ಟೀ ಸೋಸುವ ಜಾಲರಿ ತಂದರು. ಸಿಕ್ಕಿದ್ದು ನಾಲ್ಕು. ಒಂದು ಹಿಡಿಯುವಾಗಲೇ ಸತ್ತಿತು. ಆವತ್ತು ನಮ್ಮ ರೂಮಲ್ಲಿ ಟೀ ಆಗಲಿಲ್ಲ.

ಮುಂದಿನ ಸೂಲಿಗೆ ಇಪ್ಪತ್ತೆಂಟು ದಿನದ ಆಸುಪಾಸು ಸಮಯ ಇದೆ ಅಂತ ಲೆಕ್ಕ ಹಾಕಿ ತಯಾರಿ ಮಾಡಿದ್ವಿ. ಎಲ್ಲರೂ ಮೊದಲು ಕೇಳೋದು ಏಂಜೆಲನ್ನ ತೆಗೀಬಾರದಿತ್ತಾ ಅಂತ. ಕುಂದಾಪುರದವರು ಆಗಲೇ ಅವಕ್ಕೆ ಹೆಸರಿಟ್ಟಾಗಿತ್ತು, ತೆಗೆಯೋ ಮಾತೇ ಇಲ್ಲ. ಇರುವವರನ್ನ ಇಟ್ಟುಕೊಂಡೇ ಮರಿಗೆ ಜಾಗ ಮಾಡಬೇಕಿತ್ತು. ಜಾವಾ ಮಾಸ್ ಅಂತ ಪಾಚಿಯಂಥ ಗಿಡ ಸಿಗುತ್ತೆ, ಹೆಚ್ಚು ಬೆಳಕು ಬೇಡ, ಗೊಬ್ಬರ ಬೇಡ. ಅದನ್ನ ಎರಡು ಹಿಡಿ ತಂದು ತೊಟ್ಟಿಯ ಒಂದು ಮೂಲೆಯಲ್ಲಿ, ನೀರಿನ ಮೇಲ್ಮಟ್ಟದ ತನಕ ಒತ್ತಾಗಿ ಕಟ್ಟಿದೆ. ಗಪ್ಪಿ ಮರಿ ಹುಟ್ಟಿದ ಕೂಡಲೇ ಮೇಲಕ್ಕೆ ಬಂದು ಅಡಗೋಕೆ ಹುಡುಕುತ್ತೆ, ಹಾಗಾಗಿ ತಳದಲ್ಲಿ ಗಿಡ ಹಾಕಿದರೆ ಅಷ್ಟು ಪ್ರಯೋಜನ ಇಲ್ಲ. ಮರಿ ನುಸುಳಬೇಕು, ಏಂಜೆಲ್ ಮೂತಿ ನುಸುಳಬಾರದು, ಅಷ್ಟು ಒತ್ತು.

ಎರಡನೇದು, ಒಂದು ಪ್ಲಾಸ್ಟಿಕ್ ಡಬ್ಬಿ. ಅಂಗಡಿಯಲ್ಲಿ ಬ್ರೀಡಿಂಗ್ ಬಾಕ್ಸ್ ಸಿಗುತ್ತೆ, ತಾಯಿಯನ್ನೇ ಅದರೊಳಗೆ ಕೂಡಿ ಹಾಕೋದು. ಅದು ನನಗೆ ಇಷ್ಟವಿಲ್ಲ. ದಿನಗಟ್ಟಲೆ ಇಷ್ಟೇ ಜಾಗದಲ್ಲಿ ಇಟ್ಟರೆ ಮೀನು ಗಾಬರಿಯಾಗಿ, ದಿನ ತುಂಬುವ ಮೊದಲೇ ಮರಿ ಹಾಕೋದೂ ಉಂಟು. ನಾನು ತಾಯಿಯನ್ನ ಮುಟ್ಟಲಿಲ್ಲ. ಬಿಸ್ಕತ್ ಬರುವ ಪಾರದರ್ಶಕ ಡಬ್ಬಿಗೆ ಸೋಲ್ಡರಿಂಗ್ ಕಡ್ಡಿಯಿಂದ ಸಣ್ಣ ಸಣ್ಣ ತೂತು ಮಾಡಿ, ತೊಟ್ಟಿಯ ಒಳಗೇ ನೇತುಹಾಕಿದೆ. ಮರಿ ಕಂಡ ಕೂಡಲೇ ಸೌಟಿನಿಂದ ನೀರು ಸಮೇತ ಎತ್ತಿ ಅದಕ್ಕೆ ಬಿಡೋದು, ಜಾಲರಿ ಬೇಡ. ತೂತಿನಿಂದ ಅದೇ ನೀರು, ಅದೇ ಬಿಸಿ. ಹೀಟರ್ 26 ಡಿಗ್ರಿಗೆ ಇಟ್ಟಿದ್ದೆ. ಗಲ್ಫಲ್ಲಿ ಮೀನಿಗೆ ಹೀಟರಾ ಅಂತ ನಗಬೇಡಿ. ಬೀದರ್ ಹುಡುಗ ಏಸಿಯನ್ನ 18ಕ್ಕೆ ಇಟ್ಟು ಮಲಗಿದರೆ ತೊಟ್ಟಿ ನೀರು ತಣ್ಣಗಾಗಿ ಮೀನಿಗೆ ಬಿಳಿ ಚುಕ್ಕೆ ರೋಗ ಬರುತ್ತೆ.

ಸೆಪ್ಟೆಂಬರ್ ಸೂಲಿನಲ್ಲಿ ಮೂವತ್ತೊಂದು ಮರಿ ಎತ್ತಿದ್ವಿ. ಈಗ ಅವಕ್ಕೆ ಊಟ. ಮೊದಲ ಎರಡು ದಿನ ಬೇಯಿಸಿದ ಮೊಟ್ಟೆಯ ಹಳದಿಯನ್ನ ತೆಳು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಒಂದು ಸಲ ಹಿಂಡಿದೆ, ಮೋಡದ ಹಾಗೆ ಬರುತ್ತೆ, ಅದನ್ನ ಮರಿ ತಿಂತವೆ. ಆದರೆ ಒಂದು ತೊಟ್ಟು ಹೆಚ್ಚಾದರೂ ನೀರು ನಾರುತ್ತೆ. ಒಳ್ಳೇದು ಅಂದರೆ ಆರ್ಟೀಮಿಯಾ. ಉಪ್ಪು ನೀರಲ್ಲಿ ಬದುಕುವ ಸಣ್ಣ ಸೀಗಡಿ ಜಾತಿ, ಅದರ ಒಣ ಮೊಟ್ಟೆ ಕಾಫಿ ಪುಡಿಯ ಹಾಗೆ ಡಬ್ಬಿಯಲ್ಲಿ ಸಿಗುತ್ತೆ. ಲೀಟರ್ ಬಾಟಲಿ ತಲೆಕೆಳಗು ಮಾಡಿ ತಳ ಕತ್ತರಿಸಿ, ನೀರು ತುಂಬಿ, ಸುಮಾರು 25 ಗ್ರಾಂ ಕಲ್ಲುಪ್ಪು, ಅಂದರೆ ಅಂದಾಜು ಒಂದೂವರೆ ದೊಡ್ಡ ಚಮಚ, ಮೊಟ್ಟೆ ಕಾಲು ಚಮಚ. ಪಂಪಿನ ಕೊಳವೆ ಬಿಟ್ಟು ಗಾಳಿ ಆಡಿಸ್ತಾ ಇದ್ದರೆ ಒಂದು ಹಗಲು ಒಂದು ರಾತ್ರಿಗೆ ಒಡೆಯುತ್ತೆ, ತಂಪಿದ್ದರೆ ಇನ್ನರ್ಧ ದಿನ. ಗಾಳಿ ನಿಲ್ಲಿಸಿ ಕೆಳಗೆ ಟಾರ್ಚ್ ಹಿಡಿದರೆ ಸಿಪ್ಪೆ ಮೇಲೆ ತೇಲುತ್ತೆ, ಜೀವ ಇರೋದು ಕಿತ್ತಳೆ ಬಣ್ಣದಲ್ಲಿ ಬೆಳಕಿನ ಕಡೆ ಬರುತ್ತೆ. ಅದನ್ನ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿದರೆ, ಐದು ನಿಮಿಷದಲ್ಲಿ ಮರಿಗಳ ಹೊಟ್ಟೆಯೇ ಕಿತ್ತಳೆ! ಈ ಕೆಲಸ ಕುಂದಾಪುರದವರು ತಾವಾಗಿ ವಹಿಸಿಕೊಂಡರು. ಉಪ್ಪಿನ ಹದ ಅವರಿಗೆ ಬಿಟ್ಟರೆ ಇನ್ಯಾರಿಗೆ ಗೊತ್ತು. ಮರಿಗಳಿಗೆ ಮಾತ್ರ ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಬೇಕು. ಹೀಗಾಗಿ ನಮ್ಮ ಬೇರೆ ಬೇರೆ ಶಿಫ್ಟುಗಳು ಉಪಯೋಗಕ್ಕೆ ಬಂದವು. ಮೊದಲು ಮೀನು ಕೊಂದಿದ್ದು ಇದೇ ಶಿಫ್ಟುಗಳು. ಈಗ ಪ್ರತಿಯೊಬ್ಬರೂ ಹಾಕಿದ ಕೂಡಲೇ ಕಾಗದದಲ್ಲಿ ಟಿಕ್ ಹಾಕ್ತಿದ್ದರು.

ಮೂವತ್ತೊಂದರಲ್ಲಿ ಇಪ್ಪತ್ತಾರು ದೊಡ್ಡವಾದವು. ಅಕ್ಟೋಬರ್ ಸೂಲಿನಲ್ಲಿ ಎತ್ತದೆ ಹಾಗೇ ಮಾಸಲ್ಲಿ ಬಿಟ್ಟು ನೋಡಿದೆ, ಒಂಬತ್ತು ಉಳಿದವು. ಈಗ ನನಗೆ ಕೇಳಿದರೆ ಒಂಬತ್ತೇ ಸಾಕು. ಡಬ್ಬಿ ಮರಿಗಿಂತ ಅವು ಚುರುಕು, ಕೆಲಸವೂ ಕಡಿಮೆ. ತೊಟ್ಟಿಗೆ ಎಷ್ಟು ತಾಳುತ್ತೋ ಅಷ್ಟೇ ಉಳೀತವೆ.

ಏಂಜೆಲ್‌ಗಳ ಕಥೆ ಕೇಳ್ತಾರೆ ಎಲ್ಲರೂ. ಅವು ಜೋಡಿಯೇ ಆಗಿದ್ದವು. ವರ್ಷ ತುಂಬುವ ಹೊತ್ತಿಗೆ ಫಿಲ್ಟರ್ ಕೊಳವೆ ಮೇಲೆ ಸಾಲಾಗಿ ಮೊಟ್ಟೆ ಇಟ್ಟವು. ಇವು ಗಪ್ಪಿ ಥರ ಅಲ್ಲ, ಗಂಡು ಹೆಣ್ಣು ಎರಡೂ ನಿಂತು ರೆಕ್ಕೆಯಿಂದ ಗಾಳಿ ಬೀಸ್ತವೆ, ಹತ್ತಿರ ಬಂದವರನ್ನ ಓಡಿಸ್ತವೆ. ಎರಡು ಮೂರು ದಿನಕ್ಕೆ ಒಡೆಯಬೇಕು. ಮೂರು ಸಲವೂ ರಾತ್ರಿ ಇದ್ದ ಮೊಟ್ಟೆ ಬೆಳಗ್ಗೆ ಇಲ್ಲ. ಸುತ್ತ ಗದ್ದಲ ಜಾಸ್ತಿಯಾದರೆ ತಮ್ಮ ಮೊಟ್ಟೆ ತಾವೇ ತಿಂತವೆ. ನಮ್ಮ ತೊಟ್ಟಿಯಲ್ಲಿ ಏಂಜೆಲ್ ಮರಿ ಆಗಲೇ ಇಲ್ಲ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಕುಂದಾಪುರದವರೇ ಅವನ್ನ ಅಜ್ಮಾನಿನ ಸ್ನೇಹಿತರೊಬ್ಬರ ಮನೆಗೆ ಕೊಟ್ಟು ಬಂದರು. ಅಲ್ಲಿ ಅವೆರಡಕ್ಕೇ ಒಂದು ತೊಟ್ಟಿ, ಈಗ ಮರಿ ಆಗಿದೆ. ಇವರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರ್ತಾರೆ, ತವರಿಗೆ ಹೋದ ಹಾಗೆ.

ಗಪ್ಪಿಯಲ್ಲಿ ಇನ್ನೊಂದು ಸಮಸ್ಯೆ, ಜಾಸ್ತಿಯಾಗೋದು. ಒಂದೂವರೆ ತಿಂಗಳಿಗೆ ಗಂಡು ಮರಿಯ ಹೊಟ್ಟೆ ಕೆಳಗಿನ ರೆಕ್ಕೆ ಕಡ್ಡಿಯ ಹಾಗೆ ಚೂಪಾಗುತ್ತೆ. ಆಗಲೇ ಬೇರೆ ಮಾಡದಿದ್ದರೆ ಒಂದೇ ತಾಯಿಯ ಮಕ್ಕಳಲ್ಲೇ ಮತ್ತೆ ಮರಿ, ತಲೆಮಾರು ಕಳೆದ ಹಾಗೆ ಬೆನ್ನು ಸೊಟ್ಟ ಇರುವವು ಹುಟ್ಟೋಕೆ ಶುರುವಾಗಬಹುದು. ಹೊರಗಿಂದ ಗಂಡು ತನ್ನಿ, ಆದರೆ ಎರಡು ವಾರ ಬೇರೆ ಬಕೆಟಲ್ಲಿಟ್ಟು ರೋಗ ಇಲ್ಲ ಅಂತ ನೋಡಿ ಬಿಡಿ. ಹೆಚ್ಚಾದವನ್ನ ದಯವಿಟ್ಟು ಖಾಲಿದ್ ಲಗೂನಿಗೋ, ಊರಿಗೆ ತಗೊಂಡು ಹೋಗಿ ಕೆರೆಗೋ ಬಿಡಬೇಡಿ. ಬಾವಿಗೆ ಬಿಟ್ಟಿದ್ದು ಬಾವಿಯಲ್ಲೇ ಇರುತ್ತೆ. ಕೆರೆಗೆ ಬಿಟ್ಟರೆ ಅಲ್ಲಿನ ಸ್ಥಳೀಯ ಸಣ್ಣ ಮೀನಿನ ಮೊಟ್ಟೆ ಮರಿ ತಿಂದುಬಿಡುತ್ತೆ.

ದೊಡ್ಡಣ್ಣನ ವಿಷಯ ಮರೆತಿಲ್ಲ. ಅಕ್ಟೋಬರಲ್ಲಿ ಒಂದು ದಿನ ನಾನೇ ವಿಡಿಯೋ ಕಾಲ್ ಮಾಡಿದೆ. ರೂಮಿನವರೆಲ್ಲ ಹಿಂದೆ ನಿಂತಿದ್ದರು. ತೊಟ್ಟಿಗೆ ಮೊಬೈಲ್ ಹಿಡಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಚುಕ್ಕಿ ಅದಾಳೇನು?" ಅಂದರು. ತೋರಿಸಿದೆ. "ಉಳಿದವೆಲ್ಲ ಎಳೇವು ಅದಾವಲ್ಲ. ಹಳೇವು ಎಲ್ಲಿ ಹೋದ್ವು?" ನನಗೆ ಬಾಯಿ ಒಣಗಿತು. ಹೇಳಿಬಿಟ್ಟೆ, ಏಳು ಊಟದಿಂದ ಹಿಡಿದು ಏಸಿ ನೀರಿನ ತನಕ ಎಲ್ಲ. ಹನ್ನೊಂದು ವಾರ ಸುಳ್ಳು ಹೇಳಿದ್ದನ್ನೂ ಹೇಳಿದೆ. ದೊಡ್ಡಣ್ಣ ನಕ್ಕರು. "ಗೊತ್ತಿತ್ತು ಬಿಡಪಾ. ನೆಟ್ ಸರಿ ಇಲ್ಲಂತ ಎಷ್ಟ್ ವಾರ ಹೇಳ್ತಿ? ನಾನೂ ಮೊದಲನೇ ವರ್ಷ ಎಲ್ಲಾ ಸಾಯ್ಸಿದ್ದೆ, ಯಾರಿಗೂ ಹೇಳಿದ್ದಿಲ್ಲ." ಆಮೇಲೆ ಆ ತೂತಿನ ಡಬ್ಬಿ ಹತ್ತಿರ ಹಿಡಿ ಅಂತ ಹೇಳಿ, ಹೇಗೆ ಮಾಡಿದ್ದು ಅಂತ ಎರಡೆರಡು ಸಲ ಕೇಳಿಕೊಂಡರು. ಅವರೂ ಈಗ ಊರಲ್ಲಿ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ ಇಟ್ಟಿದಾರೆ. ಮೊಮ್ಮಗಳು ಊಟ ಹಾಕ್ತಾಳಂತೆ, ಡಬ್ಬಿ ಮಾತ್ರ ಅವರ ಹತ್ತಿರವೇ ಬೀಗದಲ್ಲಿ.

ಚುಕ್ಕಿ ಹೋದ ಚಳಿಗಾಲದಲ್ಲಿ ತೀರಿಕೊಂಡಿತು. ವಯಸ್ಸಾಗಿತ್ತು, ಗಪ್ಪಿಗೆ ಎರಡು ಮೂರು ವರ್ಷ ಅಂದರೆ ಅಷ್ಟೇ.

ಕಾರ್ಯದರ್ಶಿಗಳು ಗಡಿಯಾರ ತೋರಿಸ್ತಿದಾರೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಆರು ಬಾಟಲಿ ಇಟ್ಟಿದೀನಿ, ಒಂದೊಂದರಲ್ಲಿ ಎರಡು ಹೆಣ್ಣು ಒಂದು ಗಂಡು, ಜೊತೆಗೆ ಒಂದು ಚೂರು ಮಾಸ್. ಗಂಡುಗಳು ಬೇರೆ ಮನೆಯವು, ವಿಚಾರಿಸಿ ತಂದಿದ್ದು. ಮನೆಯಲ್ಲಿ ಹಳೇ ತೊಟ್ಟಿ ಇದ್ದವರು ಮಾತ್ರ ತಗೊಳ್ಳಿ. ಹೊಸದು ಮಾಡುವವರು ತೊಟ್ಟಿ ಇಟ್ಟು ತಿಂಗಳಾದ ಮೇಲೆ ಫೋನ್ ಮಾಡಿ, ನಮ್ಮ ಹಳೇ ಸ್ಪಾಂಜಿನ ಒಂದು ತುಂಡೂ ಕೊಡ್ತೀನಿ. ಮನೆಗೆ ಹೋದ ಮೇಲೆ ಬಾಟಲಿಯನ್ನ ಹಾಗೇ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ, ಸ್ವಲ್ಪ ಸ್ವಲ್ಪ ನಿಮ್ಮ ನೀರು ಸೇರಿಸಿ, ಆಮೇಲೆ ಬಿಡಿ. ಇವತ್ತು ಊಟ ಹಾಕಬೇಡಿ. ರೂಮಲ್ಲಿ ಎಲ್ಲರಿಗೂ ಹೇಳಿ, ಇವತ್ತು ಊಟ ಇಲ್ಲ ಅಂತ.